ಯಾವಾಗಪ್ಪನ ಮನೆಬುಟ್ಟಿ

ಯಾವಾಗಪ್ಪನಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಅದು ಅಂಗಡಿಯ ಪರವಾನಗಿ ಕಾಗದದ ಮೇಲೆ, ಭೂತಗನ್ನಡಿ ಹಿಡಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಇದೆ. ಬೀದಿಯವರಿಗೆಲ್ಲ ಅವನು ಯಾವಾಗಪ್ಪ. ಇದಕ್ಕೆ ಬೀದಿಯವರನ್ನು ದೂರಿ ಪ್ರಯೋಜನವಿಲ್ಲ, ಮಾಡಿಕೊಂಡದ್ದು ಅವನೇ. ಹಣ್ಣು ಕೊಳ್ಳಲು ಯಾರೇ ಬರಲಿ, ಅವನು ಎಷ್ಟು ಬೇಕು ಎಂದು ಕೇಳುತ್ತಿರಲಿಲ್ಲ, ಯಾವುದು ಬೇಕು ಎಂದೂ ಕೇಳುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತಲ್ಲಿಂದಲೇ ಕತ್ತೆತ್ತಿ, "ಯಾವಾಗ ತಿಂತೀರಿ?" ಎನ್ನುತ್ತಿದ್ದ.

"ಇವತ್ತು ಸಂಜೆ."

"ಸಂಜೆ ಅಂದ್ರೆ? ಊಟಕ್ಕೆ ಮುಂಚೆನೋ, ಆಮೇಲೋ?"

"ಆಮೇಲೆ ಅಂತ ಇಟ್ಕೊಳ್ಳಿ."

"ಇಟ್ಕೊಳ್ಳೋದು ಬಿಟ್ಕೊಳ್ಳೋದು ನನ್ನ ಹತ್ರ ಇಲ್ಲ. ಮುಂಚೆ ಆದ್ರೆ ಇದು, ಆಮೇಲೆ ಆದ್ರೆ ಅದು."

ಪಾಪ, ಅವರು ಊಟವಾದ ಮೇಲೆ ಎಂದು ಆಣೆ ಇಟ್ಟಂತೆ ಹೇಳಿ ಹಣ್ಣು ತೆಗೆದುಕೊಂಡು ಹೋಗುತ್ತಿದ್ದರು. ಒಬ್ಬ ಮಹಾನುಭಾವ "ಗೊತ್ತಿಲ್ಲ, ಸುಮ್ನೆ ಮನೇಲಿರಲಿ ಅಂತ" ಎಂದುಬಿಟ್ಟಿದ್ದ. "ಸುಮ್ನೆ ಮನೇಲಿರೋಕೆ ಗಡಿಯಾರ ತಗೊಳ್ಳಿ, ಬೀದಿ ಮೂಲೇಲಿದೆ ಅಂಗಡಿ" ಎಂದು ಯಾವಾಗಪ್ಪ ಅವನನ್ನು ಬರಿಗೈಯಲ್ಲಿ ಕಳಿಸಿದ. ಇನ್ನೊಬ್ಬಳು ಇವತ್ತೇ ತಿನ್ನುತ್ತೇನೆಂದು ಒಯ್ದು, ಮೂರು ದಿನ ಬಿಟ್ಟು ಬಂದು ಹಣ್ಣು ಕೆಟ್ಟಿತ್ತೆಂದು ಜಗಳ ತೆಗೆದಳು. ಅವಳಿಗೆ ಅವನು ಆರು ತಿಂಗಳು ಬಾಳೆಹಣ್ಣು ಬಿಟ್ಟು ಬೇರೇನನ್ನೂ ಕೊಡಲಿಲ್ಲ. ಇಷ್ಟಾದರೂ ಜನ ಬರುತ್ತಿದ್ದರು. ಯಾಕೆಂದರೆ ಅವನು ಇಂಥ ಹೊತ್ತಿಗೆ ಎಂದು ಕೊಟ್ಟ ಹಣ್ಣು ಅದೇ ಹೊತ್ತಿಗೆ ಹಣ್ಣಾಗುತ್ತಿತ್ತು.

ಅಂಗಡಿ ಎಷ್ಟು ಕಿರಿದೆಂದರೆ, ಒಳಗೆ ಇಬ್ಬರು ಎದುರಾದರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಎಡಕ್ಕೆ ಹಣ್ಣಿನ ತಟ್ಟೆಗಳು: ಇವತ್ತಿನದು, ನಾಳೆಯದು, ನಾಳಿದ್ದಿನದು. ಬಲಕ್ಕೆ ಬೇಳೆ, ಧಾನ್ಯ, ಮಸಾಲೆಗಳ ಮೂಟೆಗಳು. ನಮ್ಮ ಕಡೆಯವರು ಈ ಊರಿಗೆ ಹೊಸದಾಗಿ ಬಂದಿಳಿದರೆ ಮೊದಲು ಮನೆ ಹುಡುಕುತ್ತಿದ್ದರು, ಆಮೇಲೆ ಈ ಅಂಗಡಿ ಹುಡುಕುತ್ತಿದ್ದರು. ಕೆಲವರು ಅಂಗಡಿ ಹುಡುಕಿಕೊಂಡ ಮೇಲೆಯೇ ಮನೆ ಹುಡುಕಿದ್ದೂ ಉಂಟು. ಒಳಗೆ ಕಾಲಿಟ್ಟೊಡನೆ ಹತ್ತಿಪ್ಪತ್ತು ವಾಸನೆಗಳು ಒಟ್ಟಿಗೆ ಮೂಗಿಗೆ ಬಡಿದು, ದೊಡ್ಡ ದೊಡ್ಡವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅದಕ್ಕೆ ಊರಿನ ನೆನಪು ಎಷ್ಟು ಕಾರಣ, ತೆರೆದಿಟ್ಟ ಮೆಣಸಿನಕಾಯಿ ಮೂಟೆ ಎಷ್ಟು ಕಾರಣ ಎಂದು ಯಾರೂ ವಿಚಾರಿಸಲಿಲ್ಲ.

ಬಲಗಡೆಯ ರಾಜ್ಯ ಅವನ ಹೆಂಡತಿಯದು. ಬೀದಿಗೆಲ್ಲ ಅವಳು ಅಂಗಡಿಯಕ್ಕ. ಮೊಗೆಯುವುದು, ತೂಗುವುದು, ಕಟ್ಟುವುದು, ಬಂದವರ ಸುಖದುಃಖ ಕೇಳುವುದು ಎಲ್ಲ ಅವಳೇ. ಅಂಗಡಿಯೂ ಮೂಲದಲ್ಲಿ ಅವಳ ಅಪ್ಪನದೇ. ಯಾವಾಗಪ್ಪ ಇಲ್ಲಿಗೆ ಬಂದದ್ದು ಲಾರಿಯಿಂದ ಮೂಟೆ ಇಳಿಸುವ ಕೆಲಸಕ್ಕೆ. ಅವನು ಹಣ್ಣಿನ ಪೆಟ್ಟಿಗೆ ಇಳಿಸಿದರೆ ಒಂದು ಹಣ್ಣಿಗೂ ಪೆಟ್ಟಾಗುತ್ತಿರಲಿಲ್ಲ. ಮಾವನವರು ಅದನ್ನು ನೋಡಿ ನೋಡಿ, "ಹಣ್ಣನ್ನ ನೋಯಿಸದವನು ಹುಡುಗೀನ ನೋಯಿಸ್ತಾನಾ" ಎಂದು ಲೆಕ್ಕ ಹಾಕಿ ಮಗಳನ್ನೂ ಕೊಟ್ಟರು, ಹಣ್ಣಿನ ಕಡೆಯ ಸ್ಟೂಲನ್ನೂ ಕೊಟ್ಟರು. ಆ ಸ್ಟೂಲಿನ ಮೇಲೆ ಅದಕ್ಕೆ ಮುಂಚೆ ಯಾರು ಕೂತಿದ್ದರು ಎಂಬುದು ಆಮೇಲೆ ಬರುವ ಮಾತು.

ಮಾವನವರು ಹೋಗುವಾಗ ಬಿಟ್ಟುಹೋದದ್ದು ಒಂದು ತಕ್ಕಡಿ ಮತ್ತು ಒಂದು ನಿಯಮ. ಒಳ್ಳೆಯದನ್ನು ಮಾರು, ಒಡೆದದ್ದನ್ನು ತಿನ್ನು. ಅದರಂತೆ ಸ್ಟೂಲಿನ ಕೆಳಗೆ ಒಂದು ಬುಟ್ಟಿ ಇರುತ್ತಿತ್ತು, ಮನೆಬುಟ್ಟಿ. ಜಜ್ಜಿದ್ದು, ಬಿರಿದದ್ದು, ಒಂದು ಮಗ್ಗುಲು ಕಪ್ಪಾದದ್ದು ಎಲ್ಲ ಅದಕ್ಕೆ. ಸಂಜೆ ಬಾಗಿಲು ಹಾಕಿದ ಮೇಲೆ ಬುಟ್ಟಿ ಮಹಡಿಗೆ ಹೋಗುತ್ತಿತ್ತು. ಅಂಗಡಿಯಕ್ಕ ಚಾಕು ಹಿಡಿದು ಕೂತು, ಕೆಟ್ಟದ್ದನ್ನು ಹೆರೆದು, ಉಳಿದದ್ದನ್ನು ತಟ್ಟೆಗೆ ಹಾಕುತ್ತಿದ್ದಳು. ಇಪ್ಪತ್ತಾರು ವರ್ಷ ಅವರ ಮನೆಯಲ್ಲಿ ದುಂಡಗಿನ ಹಣ್ಣನ್ನು ಯಾರೂ ಕಂಡಿರಲಿಲ್ಲ. ಊರಿಗೆಲ್ಲ ಹಣ್ಣು ಹಂಚುವ ಮನೆಯಲ್ಲಿ ಹಣ್ಣುಗಳೆಲ್ಲ ತ್ರಿಕೋನ, ಚೌಕ, ಅರ್ಧಚಂದ್ರ.

ಹೀಗಿರುವಾಗ ಎದುರಿಗೆ ಗಾಜಿನಂಗಡಿ ಬಂತು.

ಅಲ್ಲಿ ಮೊದಲು ಮಂಚ ಮೇಜು ಮಾರುವ ಹಳೆಯ ಮಳಿಗೆ ಇತ್ತು. ಎರಡು ತಿಂಗಳು ಪರದೆ ಕಟ್ಟಿ ಒಳಗೆ ಏನೇನೋ ಕುಟ್ಟಿದರು. ಪರದೆ ತೆಗೆದ ದಿನ ನೋಡಿದರೆ ನೆಲದಿಂದ ಸೂರಿನವರೆಗೆ ಗಾಜು, ಬಾಗಿಲಲ್ಲಿ ತೂಗುಹಾಕಿದ ಬಳ್ಳಿಗಳು, "ಶುದ್ಧ ಸಾವಯವ" ಎಂಬ ಹಲಗೆ. ಪಕ್ಕದ ಕಟಿಂಗ್ ಶಾಪಿನವನು ಮೊದಲ ದಿನವೇ ಒಳಹೊಕ್ಕು ಬಂದ. ಅವನನ್ನು ಬೀದಿಯಲ್ಲಿ ಕತ್ತರಿ ಎನ್ನುತ್ತಾರೆ. ಕೂದಲಿಗಿಂತ ಹೆಚ್ಚಾಗಿ ಅವನು ಬೇರೆಯವರ ಮಾತನ್ನು ಕತ್ತರಿಸುವುದರಿಂದ ಬಂದ ಹೆಸರು ಅದು.

"ಲೋ, ಅಲ್ಲಿ ಕ್ಯಾರೆಟ್ ಮೇಲೆ ಮಣ್ಣಿದೆ ಕಣೋ!"

"ತೊಳೆದಿಲ್ಲ ಅಂತ ಕಾಣುತ್ತೆ."

"ತೊಳೆಯೋದಾ? ಮಣ್ಣಿಗೇ ಜಾಸ್ತಿ ರೇಟು! ಇನ್ನೂ ಕೇಳು. ನೀನು ಹೋದ ವಾರ ಹಿಂದುಗಡೆ ಒಲೆಗೆ ಹಾಕಿದ್ಯಲ್ಲ ಮರದ ಪೆಟ್ಟಿಗೆ, ಅಂಥದ್ದನ್ನ ಗೋಡೆ ತುಂಬ ಮೊಳೆ ಹೊಡೆದು ಅದರೊಳಗೆ ಒಂದೊಂದು ಈರುಳ್ಳಿ ಕೂರಿಸಿದಾರೆ. ಒಂದೊಂದೇ! ಫೋಟೋ ತೆಗೆಸ್ಕೊಳ್ಳೋಕೆ ಕೂತ ಹಾಗೆ."

"ನಮ್ಮ ಬೇಳೆ ಇದೆಯಾ ಅಲ್ಲಿ?" ಬಲಗಡೆಯಿಂದ ಅಂಗಡಿಯಕ್ಕ ಕೇಳಿದಳು.

"ಇದೆ ಅಕ್ಕಾ. ಕಾಗದದ ಚೀಲದಲ್ಲಿದೆ. ಚೀಲದ ಮೇಲೆ ಒಬ್ಬ ರೈತ ನಗ್ತಾ ಇದಾನೆ. ಬೆಲೆ ನೋಡಿದ ಮೇಲೆ ಅವನು ಯಾಕೆ ನಗ್ತಾ ಇದಾನೆ ಅಂತ ಗೊತ್ತಾಯ್ತು."

ಯಾವಾಗಪ್ಪ ಮೊದಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಹೋಗುವವರು ಹೋದರು, ಅಲ್ಲಿನ ಹಣ್ಣು ತಿಂದರು, ಅರ್ಧದಷ್ಟು ಜನ ಮುಖ ಹುಳ್ಳಗೆ ಮಾಡಿಕೊಂಡು ವಾಪಸು ಬಂದರು. ಹಣ್ಣು ನೋಡಲು ಚೆಂದ, ಒಳಗೆ ನೀರು. ಅದರಲ್ಲೂ ಸೀತಾಫಲದ ವಿಷಯದಲ್ಲಿ ಗಾಜಿನಂಗಡಿ ಮುಗ್ಗರಿಸಿಬಿತ್ತು. ಸೀತಾಫಲ ಬಹಳ ಕೆಟ್ಟ ಸ್ವಭಾವದ ಹಣ್ಣು. ಬೆಳಗ್ಗೆ ಕಲ್ಲು, ಸಂಜೆ ಬೆಣ್ಣೆ, ಮರುದಿನ ಕಸ. ಅದಕ್ಕೆ ಬಿಸಿಲೂ ಆಗದು, ಫ್ರಿಜ್ಜೂ ಆಗದು. ಗಾಜಿನಂಗಡಿಯವರು ಒಂದೊಂದಕ್ಕೂ ಬಿಳಿ ಬಲೆಯ ಅಂಗಿ ತೊಡಿಸಿ ಫ್ರಿಜ್ಜಿನಲ್ಲಿಟ್ಟರು. ಎರಡನೇ ದಿನ ಎಲ್ಲವೂ ಅಂಗಿಯೊಳಗೇ ಕಪ್ಪಗಾದವು. ಯಾವಾಗಪ್ಪ ಎರಡು ದಿನ ಶಿಳ್ಳೆ ಹಾಕಿಕೊಂಡೇ ವ್ಯಾಪಾರ ಮಾಡಿದ. ಮೂರನೆಯ ದಿನ ಅವನ ಶಿಳ್ಳೆ ನಿಂತಿತು.

ಆಗಿದ್ದು ಇಷ್ಟೇ. ಆವತ್ತು ಸೀತಾಫಲದ ಒಳ್ಳೆಯ ಪೆಟ್ಟಿಗೆ ಬಂದಿತ್ತು. ಸಂಜೆ ಹೊತ್ತಿಗೆ ಇವತ್ತಿನ ತಟ್ಟೆಯಲ್ಲಿ ಒಂದೇ ಒಂದು ಉಳಿದಿತ್ತು. ಕಣ್ಣು ಕಣ್ಣು ಬಿಡಿಸಿಕೊಂಡು, ಮುಟ್ಟಿದರೆ ಸಾಕು ಎನ್ನುವಂತೆ ಕೂತಿತ್ತು. ಅಂಗಡಿಯಕ್ಕ ಬೇಳೆ ಮೊಗೆಯುವ ಸೇರು ಹಿಡಿದುಕೊಂಡೇ ಈ ಕಡೆ ಬಂದು, "ಇದನ್ನ ನಾನು ತಗೊಳ್ಳಲಾ?" ಎಂದಳು.

ಯಾವಾಗಪ್ಪ ತಿರುಗಿಯೂ ನೋಡಲಿಲ್ಲ. "ಅದು ಬೇಡ. ಟೀಚರಮ್ಮ ಬರ್ತಾರೆ. ಬುಟ್ಟೀಲಿ ಒಡೆದಿರೋದೊಂದು ಇದೆ ನೋಡು, ಅದೇ ರುಚಿ ಜಾಸ್ತಿ."

ಅಂಗಡಿಯಕ್ಕ ಬುಟ್ಟಿ ನೋಡಿದಳು. ಗಂಡನ ಬೆನ್ನು ನೋಡಿದಳು. ಸೇರನ್ನು ಬೇಳೆ ಮೂಟೆಯಲ್ಲಿ ನೆಟ್ಟಳು, ಏಪ್ರನ್ ಬಿಚ್ಚಿ ತಕ್ಕಡಿಯ ಮೇಲೆ ಹಾಕಿದಳು, ರಸ್ತೆ ದಾಟಿದಳು. ಏಪ್ರನ್ನಿನ ತೂಕ ಎಷ್ಟೆಂದು ತಕ್ಕಡಿ ತೋರಿಸುತ್ತಲೇ ಇತ್ತು. ಅರ್ಧ ಗಂಟೆ ಬಿಟ್ಟು ವಾಪಸು ಬಂದು, ಅಡುಗೆ ಮಾಡಿ, ಊಟ ಬಡಿಸುವಾಗ ಹೇಳಿದಳು: "ನಾಳೆಯಿಂದ ಎದುರಂಗಡೀಲಿ ಕೆಲಸ. ರುಚಿ ನೋಡಿಸೋ ಮೇಜು. ಒಂದು ತಿಂಗಳು ನೋಡ್ತಾರಂತೆ, ಆಮೇಲೆ ಸಹಿ ಹಾಕಿಸ್ಕೊಂಡು ಪೂರ್ತಿ ಇಟ್ಕೋತಾರಂತೆ."

ಯಾವಾಗಪ್ಪ ತಮಾಷೆ ಎಂದುಕೊಂಡು ನಕ್ಕ. ಅವಳು ನಗಲಿಲ್ಲ. ಅವನ ನಗು ಬಾಯಲ್ಲೇ ಉಳಿಯಿತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂದು ಕತ್ತರಿ ಸಮಾಧಾನ ಹೇಳಿದ. ಉಂಡರು, ಮಲಗಿದರು, ಎದ್ದರು. ಅವಳು ಒಂಬತ್ತಕ್ಕೆ ರಸ್ತೆ ದಾಟಿ ಹೋದಳು. ಮತ್ತೆ ಉಂಡರು, ಮಲಗಿದರು. ಮೂರು ವಾರ ಹೀಗೇ ನಡೆಯಿತು. ಜಗಳ ಎನ್ನೋಣವೆಂದರೆ ಅವಳು ಜೋರಾಗಿ ಒಂದು ಮಾತೂ ಆಡಲಿಲ್ಲ. ಹೊತ್ತಿಗೆ ಸರಿಯಾಗಿ ಕಾಫಿ ಕೊಟ್ಟಳು. ಆದರೆ "ನಮ್ಮ ಅಂಗಡೀಲಿ ಇವತ್ತು ಬಹಳ ಜನ" ಎಂದು ಅವಳು ಹೇಳಿದಾಗ ಆ ನಮ್ಮ ಅಂಗಡಿ ಯಾವುದೆಂದು ಅರ್ಥವಾಗಲು ಅವನಿಗೆ ಒಂದು ಗುಟುಕು ಹೊತ್ತು ಬೇಕಾಗುತ್ತಿತ್ತು. ಅರ್ಥವಾದೊಡನೆ ಕಾಫಿ ನೆತ್ತಿಗೆ ಹತ್ತುತ್ತಿತ್ತು.

"ಅಲ್ಲಿ ಏನು ಮಾಡ್ತೀಯ?" ಒಂದು ದಿನ ಧೈರ್ಯ ಮಾಡಿ ಕೇಳಿದ.

"ಇಡೀ ಹಣ್ಣು ತಗೋತೀನಿ. ಕತ್ತರಿಸ್ತೀನಿ. ಮೊದಲ ತುಂಡು ನಾನೇ ತಿನ್ನಬೇಕು, ನಿಯಮ. ಆಮೇಲೆ ಬಂದವರಿಗೆ."

"ಮೊದಲ ತುಂಡು ನೀನಾ?"

"ಹ್ಞೂಂ. ಮೊದಲನೇದು."

ಮನೆಬುಟ್ಟಿಯನ್ನು ಅವನೇ ಮಹಡಿಗೆ ಹೊತ್ತು ತರುತ್ತಿದ್ದ, ಅದು ಮೂಲೆಯಲ್ಲಿ ಕೂತು ಹುಳಿ ವಾಸನೆ ಬಿಡುತ್ತಿತ್ತು. ಅವಳು ಚಾಕು ಮುಟ್ಟಲಿಲ್ಲ.

ಬಲಗಡೆಯ ರಾಜ್ಯ ಅರಾಜಕವಾಯಿತು. ಯಾವಾಗಪ್ಪನಿಗೆ ಯಾವ ಬೇಳೆ ಯಾವುದೆಂದು ಮೇಲ್ನೋಟಕ್ಕೆ ಗೊತ್ತು, ಯಾರಿಗೆ ಯಾವುದು ಎಂಬುದು ಗೊತ್ತಿಲ್ಲ. ಬಂದವರು "ಯಾವಾಗಲೂ ತಗೊಳ್ಳೋದೇ" ಎಂದರೆ ಅಂಗಡಿಯಕ್ಕ ಹೆಸರು ಕೇಳದೆ ಕಟ್ಟಿಕೊಡುತ್ತಿದ್ದಳು. ಇವನು ಒಬ್ಬರ ಕಾಳುಮೆಣಸನ್ನು ಇನ್ನೊಬ್ಬರ ಸಾಸಿವೆಗೆ ಬೆರೆಸಿದ. ಮಾತಾಡಲೆಂದೇ ಬರುತ್ತಿದ್ದ ಹೆಂಗಸರು "ಅಕ್ಕ ಇಲ್ವಾ?" ಎಂದು ಇಣುಕಿ, ಸೀದಾ ರಸ್ತೆ ದಾಟಿ ಹೋಗುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಅವನು ತಕ್ಕಡಿಯ ಆಚೆ ಈಚೆ ನೋಡುತ್ತ ಕೂರುತ್ತಿದ್ದ. ಆ ಅಂಗಡಿಯಲ್ಲಿ ಉಸಿರು ಬಿಗಿಹಿಡಿಯದೆ ಓಡಾಡುವಷ್ಟು ಜಾಗ ಇದೆ ಎಂದು ಅವನಿಗೆ ಮೊದಲ ಸಲ ಕಂಡಿತು, ಕಂಡು ಬಹಳ ಬೇಸರವಾಯಿತು.

ಕೊನೆಯ ವಾರದ ಆರಂಭದಲ್ಲಿ ಕತ್ತರಿ ಸುದ್ದಿ ತಂದ. "ಶನಿವಾರ ಹನ್ನೊಂದು ಗಂಟೆಗೆ ಸಹಿಯಂತೆ. ಅಕ್ಕನಿಗೆ ಹಣ್ಣಿನ ವಿಭಾಗ ಪೂರ್ತಿ ಕೊಡ್ತಾರಂತೆ. ಸಹಿ ಬಿತ್ತೋ, ಅಕ್ಕ ಅಲ್ಲೇ. ನೀನು ಒಂದು ಸಲ ಹೋಗಿ ನೋಡಬಾರದಾ?"

"ನಾನಾ? ಅಲ್ಲಿಗಾ? ನನ್ನ ಹೆಣ ಹೋಗುತ್ತೆ."

ಬುಧವಾರ ಹೆಣವಲ್ಲ, ಅವನೇ ಹೋದ. ಕತ್ತರಿಯ ಉಣ್ಣೆ ಟೋಪಿ, ಗಿರಾಕಿಯೊಬ್ಬ ಮರೆತುಹೋದ ಕಪ್ಪು ಕನ್ನಡಕ, ಬಿಸಿಲಲ್ಲಿ ಮೂಗಿನವರೆಗೆ ಸುತ್ತಿದ ಮಫ್ಲರು. ಬ್ಯಾಂಕಿಗೆ ಹೋಗಿದ್ದರೆ ಅಲ್ಲೇ ಹಿಡಿದು ಕೂರಿಸುತ್ತಿದ್ದರು. ಎಣ್ಣೆ ಬಾಟಲಿಗಳ ಸಾಲಿನ ಹಿಂದೆ ನಿಂತು ರುಚಿ ಮೇಜಿನ ಕಡೆ ಇಣುಕಬೇಕೆಂಬುದು ಅವನ ಯೋಜನೆ. ಆದರೆ ಆ ಸಾಲಿಗೆ ಹೋಗುವ ದಾರಿಯಲ್ಲಿ ಸೇಬಿನ ರಾಶಿ ಇತ್ತು. ಮೇಲುಗಡೆ ಒಂದು ಸೇಬು ತನ್ನ ಪೆಟ್ಟಾದ ಮಗ್ಗುಲನ್ನು ಪಕ್ಕದ್ದಕ್ಕೆ ಒತ್ತಿ ಕೂತಿತ್ತು. ಯಾವಾಗಪ್ಪನ ಕೈ ಯಾವಾಗಪ್ಪನನ್ನು ಕೇಳದೆ ಅದನ್ನು ತೆಗೆದು ಬದಿಗಿಟ್ಟಿತು. ಅದರ ಕೆಳಗೆ ಇನ್ನೊಂದು. ಐದು ನಿಮಿಷದಲ್ಲಿ ಅವನು ರಾಶಿಯನ್ನು ಇವತ್ತು, ನಾಳೆ, ನಾಳಿದ್ದು ಎಂದು ಮೂರು ಪಾಲು ಮಾಡಿ, ನಾಲ್ಕನೆಯ ಪಾಲನ್ನು ಇಡಲು ಮನೆಬುಟ್ಟಿ ಎಲ್ಲಿದೆ ಎಂದು ಸುತ್ತ ಹುಡುಕುತ್ತಿದ್ದ.

"ಸರ್, ಏನಾದರೂ ಸಹಾಯ ಬೇಕಾ?" ಹಸಿರು ಏಪ್ರನ್ನಿನ ಮ್ಯಾನೇಜರು ಹಿಂದೆ ನಿಂತಿದ್ದ.

"ಬೇಡ ಬೇಡ. ನಾನು ಸುಮ್ನೆ... ಎಣ್ಣೆ" ಎಂದು ಯಾವಾಗಪ್ಪ ಎಣ್ಣೆಯ ಹಿಂದೆ ನುಸುಳಿದ.

ಅಲ್ಲಿಂದ ಅವಳು ಕಂಡಳು. ಹಸಿರು ಏಪ್ರನ್, ಕೂದಲಿಗೆ ಬಲೆ. ಮುಂದೆ ಮೇಜು, ಮೇಜಿನ ಮೇಲೆ ಸೀತಾಫಲ. ಒಂದಕ್ಕೂ ಅಂಗಿ ಇಲ್ಲ, ಫ್ರಿಜ್ಜೂ ಇಲ್ಲ. ಬುಟ್ಟಿಯಲ್ಲಿ ಒಣಹುಲ್ಲಿನ ಮೇಲೆ ಕೂತಿದ್ದವು. ಒಬ್ಬ ವಯಸ್ಸಾದವರು ಕೈ ಚಾಚಿದರು. ಅಂಗಡಿಯಕ್ಕ ತಲೆ ಸ್ವಲ್ಪ ವಾಲಿಸಿ ಕೇಳಿದಳು, "ಯಾವಾಗ ತಿಂತೀರಿ?"

ಯಾವಾಗಪ್ಪನ ಮೈಯೆಲ್ಲ ಉರಿಯಿತು. ನನ್ನ ಮಾತು! ಇಪ್ಪತ್ತಾರು ವರ್ಷ ನಾನು ಬೆಳೆಸಿದ ಮಾತು! ಸಾಲದೆಂಬಂತೆ ಮೇಜಿನ ಪಕ್ಕದ ಕರಿಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದಿದ್ದರು: "ಯಾವಾಗ ತಿನ್ನುತ್ತೀರಿ? ನಮ್ಮ ತಜ್ಞೆಯನ್ನು ಕೇಳಿ." ತಜ್ಞೆಯಂತೆ! ಎಣ್ಣೆ ಬಾಟಲಿ ಎತ್ತಿ ಎಸೆಯಬೇಕೆನ್ನಿಸಿತು. ಅಷ್ಟರಲ್ಲಿ ಅವಳು ಇನ್ನೊಬ್ಬರಿಗೆ ಅದೇ ಮಾತು ಕೇಳಿದಳು. ಅದೇ ತಲೆ ವಾಲಿಸುವುದು, ಅದೇ ದನಿ. ಕೇಳುವಾಗಲೇ ಹೆಬ್ಬೆರಳಿನಿಂದ ಹಣ್ಣಿನ ತೊಟ್ಟಿನ ಬುಡವನ್ನು ಮೆಲ್ಲನೆ ಒತ್ತಿ ನೋಡುವುದು. ಯಾವಾಗಪ್ಪನ ಕೈ ಬಾಟಲಿಯ ಮೇಲೆಯೇ ನಿಂತಿತು.

ಅವನು ಮೊದಲ ಸಲ ಲಾರಿಯಿಂದ ಮೂಟೆ ಇಳಿಸಿದ ದಿನ ನೆನಪಾಯಿತು. ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ. ಬೆವರೊರೆಸಿಕೊಂಡು, ಒಂದು ಹಣ್ಣು ಬೇಕು ಎಂದು ಕೇಳಿದ್ದ. ಸ್ಟೂಲಿನ ಮೇಲೆ ಕೂತಿದ್ದ ಹುಡುಗಿ ತಲೆ ವಾಲಿಸಿ, "ಯಾವಾಗ ತಿಂತೀರಿ?" ಎಂದಿದ್ದಳು. "ಈಗ" ಎಂದಿದ್ದ. ಅವಳು ನಾಲ್ಕು ಹಣ್ಣು ಮುಟ್ಟಿನೋಡಿ ಐದನೆಯದನ್ನು ಕೊಟ್ಟಿದ್ದಳು. ಅಂಥ ಹಣ್ಣನ್ನು ಅವನು ಅಲ್ಲಿಯವರೆಗೆ ತಿಂದಿರಲಿಲ್ಲ. ಮದುವೆಯಾಯಿತು, ಮಾವನವರು ಅಳಿಯನನ್ನು ಸ್ಟೂಲಿನ ಮೇಲೆ ಕೂರಿಸಿದರು, ಅವಳು ಎದ್ದು ಬೇಳೆಯ ಕಡೆ ಹೋದಳು. ಹೋಗುತ್ತೀಯಾ ಎಂದು ಯಾರೂ ಅವಳನ್ನು ಕೇಳಲಿಲ್ಲ, ಅವನೂ ಕೇಳಲಿಲ್ಲ. ಮಾತು ಅವಳದು, ಸ್ಟೂಲು ಅವಳದು, ಹೆಸರು ಮಾತ್ರ ಯಾವಾಗಪ್ಪನದು. ಅವನಿಗೆ ಬಹಳ ನಾಚಿಕೆಯಾಯಿತು. ಮಫ್ಲರಿನೊಳಗೆ ಮುಖ ಬೆವರಿತು. ಇದು ಬರೀ ಉಣ್ಣೆಯ ಬೆವರಲ್ಲ ಎಂದು ಅವನಿಗೂ ಗೊತ್ತಾಯಿತು.

ಹೊರಗೆ ಕತ್ತರಿ ಕಾಯುತ್ತಿದ್ದ. ಕರಿಹಲಗೆಯ ಸುದ್ದಿ ಅವನಿಗೂ ಮುಟ್ಟಿತ್ತು. "ನಿನ್ನ ಮಾತು ಕದ್ದಿದಾರೆ, ಕೇಸ್ ಹಾಕು!"

"ಕದ್ದವನು ನಾನೇ ಕಣೋ" ಎಂದು ಯಾವಾಗಪ್ಪ ಟೋಪಿ ವಾಪಸು ಕೊಟ್ಟ. ಕತ್ತರಿ ಟೋಪಿ ಕೊಡವಿ, ಒಳಗೆ ಏನಾದರೂ ಸಿಕ್ಕೀತೇನೋ ಎಂಬಂತೆ ಇಣುಕಿ ನೋಡಿದ.

ಯಾವಾಗಪ್ಪನಿಗೆ ಕ್ಷಮೆ ಕೇಳುವ ಅಭ್ಯಾಸ ಇರಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಅಂದೇ ಬಂದ ಮೂರು ಪೆಟ್ಟಿಗೆ ಸೀತಾಫಲವನ್ನು ನೆಲದ ಮೇಲೆ ಹರವಿ, ಒಂದೊಂದನ್ನೂ ಮುಟ್ಟಿ, ಕಡೆಗೆ ಒಂದನ್ನು ಆರಿಸಿದ. ಕಲೆಯಿಲ್ಲ, ಗೀರಿಲ್ಲ, ಎರಡು ಕೈ ತುಂಬುವಷ್ಟು ದೊಡ್ಡದು. ಶನಿವಾರ ಹತ್ತೂವರೆಗೆ ಹಣ್ಣಾಗಬೇಕು. ಅದನ್ನು ಅಕ್ಕಿ ಮೂಟೆಯೊಳಗೆ ಹೂತಿಟ್ಟು, ದಿನಕ್ಕೆ ಐದಾರು ಸಲ ಕೈ ತೂರಿಸಿ ನಾಡಿ ನೋಡಿದ. ಅಕ್ಕಿ ಕೊಳ್ಳಲು ಬಂದವರಿಗೆ "ಈ ಮೂಟೆ ಬೇಡ, ಇದರಲ್ಲಿ ಮಲಗಿದೆ" ಎಂದ. ಏನು ಮಲಗಿದೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ, ಅಕ್ಕಿಯ ವ್ಯಾಪಾರ ಮಾತ್ರ ನಿಂತಿತು.

ಶನಿವಾರ ಬೆಳಗ್ಗೆ ಟೀಚರಮ್ಮ ಬಂದರು. ಹತ್ತು ವರ್ಷದ ಹಿಂದೆ ನಿವೃತ್ತಿಯಾಗಿದ್ದರೂ ಎಲ್ಲರನ್ನೂ ಮೂರನೇ ತರಗತಿಯಲ್ಲೇ ಕೂರಿಸಿ ಮಾತಾಡುವವರು. ಬಾಗಿಲಲ್ಲೇ ನಿಂತು ಮೂಗರಳಿಸಿದರು.

"ಸೀತಾಫಲ ಇದೆ."

"ಇಲ್ಲ ಟೀಚರ್."

"ಸುಳ್ಳು ಹೇಳಬೇಡ. ವಾಸನೆ ಬರ್ತಿದೆ. ಅಕ್ಕಿ ಕಡೆಯಿಂದ."

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತೆ ಯಾವಾಗಪ್ಪ ಮೂಟೆಗೆ ಅಡ್ಡ ನಿಂತ. "ಅದು ಮಾರೋಕಲ್ಲ."

ಆ ಅಂಗಡಿಯಲ್ಲಿ ಆ ಮಾತು ಹಿಂದೆಂದೂ ಕೇಳಿರಲಿಲ್ಲ. ಟೀಚರಮ್ಮ ಕನ್ನಡಕ ಏರಿಸಿ ಅವನನ್ನು ನೋಡಿ ಹೊರಟುಹೋದರು. ಹತ್ತೂವರೆಗೆ ಅವನು ಹಣ್ಣನ್ನು ಅಕ್ಕಿಯಿಂದ ಎತ್ತಿದ. ಒಗೆದ ಟವಲಿನಲ್ಲಿ ಇಟ್ಟುಕೊಂಡು, ಅಂಗಡಿಯನ್ನು ಕತ್ತರಿಗೆ ಒಪ್ಪಿಸಿ, ಟೋಪಿ ಇಲ್ಲದೆ ಮಫ್ಲರಿಲ್ಲದೆ ರಸ್ತೆ ದಾಟಿದ. ಎರಡು ಕಾರು, ಒಂದು ಬಸ್ಸು ಅವನಿಗಾಗಿ ನಿಂತವು.

ರುಚಿ ಮೇಜಿನ ಮುಂದೆ ಏಳೆಂಟು ಜನರ ಸಾಲು. ಮೇಜಿನ ಪಕ್ಕದಲ್ಲಿ ಮ್ಯಾನೇಜರು ಸಹಿಯ ಕಾಗದ ಹಿಡಿದು ನಿಂತಿದ್ದ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಬಿಟ್ಟಿ ತುಂಡಿಗೆ ಬಾಯಿ ತೆರೆದುಕೊಂಡು, ಟೀಚರಮ್ಮ! ಅವರು ಯಾವಾಗಪ್ಪನನ್ನು ನೋಡಿ ಬಾಯಿ ಮುಚ್ಚಿದರು. "ಸುಮ್ನೆ ಹೋಲಿಸಿ ನೋಡೋಣ ಅಂತ" ಎಂದರು.

ಅವನು ಟವಲು ಬಿಡಿಸಿ ಹಣ್ಣನ್ನು ಹೆಂಡತಿಯ ಮುಂದೆ ಇಟ್ಟ.

"ಏನಿದು?"

"ನಿನಗೆ. ಇಡೀದು."

ಅಂಗಡಿಯಕ್ಕ ಹಣ್ಣನ್ನು ಎತ್ತಿ ಸುತ್ತ ತಿರುಗಿಸಿ ನೋಡಿದಳು, ತಳ ನೋಡಿದಳು. ಹೆಬ್ಬೆರಳು ತೊಟ್ಟಿನ ಬುಡಕ್ಕೆ ಹೋಯಿತು. ತಪ್ಪು ಹುಡುಕಲು ಏನೂ ಸಿಗಲಿಲ್ಲ. ಅವಳ ಮುಖ ಒಂದು ಗಳಿಗೆ ಮೆತ್ತಗಾದದ್ದನ್ನು ಅವನು ಕಂಡ. ಆಮೇಲೆ ಹಣ್ಣನ್ನು ಟವಲಿನ ಮೇಲೆ ವಾಪಸು ಇಟ್ಟಳು.

"ಇವತ್ತಿನ ಹಣ್ಣು."

"ಹೌದು. ಇವತ್ತಿಗೇ ಅಂತ ಮೂರು ದಿನದಿಂದ..."

"ನಾನು ಇವತ್ತು ತಿಂತೀನಿ ಅಂತ ಯಾರು ಹೇಳಿದ್ರು ನಿಮಗೆ?"

ಯಾವಾಗಪ್ಪ ಇಂಗು ತಿಂದ ಮಂಗನಂತೆ ನಿಂತ.

"ದಾರಿ ತಪ್ಪಿ ಬಂದೋರನ್ನೂ ಕೇಳ್ತೀರಿ. ಟೀಚರಮ್ಮನ್ನ ಕೇಳ್ತೀರಿ. ಕತ್ತರಿನ ಕೇಳ್ತೀರಿ, ಅವನು ಹಣ್ಣೇ ತಿನ್ನಲ್ಲ. ಇಪ್ಪತ್ತಾರು ವರ್ಷದಲ್ಲಿ ನನ್ನನ್ನ ಒಂದು ಸಲ ಕೇಳಿದೀರಾ?"

ಸಾಲಿನಲ್ಲಿದ್ದವರು ಅಗಿಯುವುದನ್ನು ನಿಲ್ಲಿಸಿದರು. ದಿನಕ್ಕೆ ನೂರು ಸಲ ಆಡುವ ಎರಡು ಮಾತು, ನಾಲಗೆಗೆ ಎಣ್ಣೆ ಹಚ್ಚಿದಂತೆ ಜಾರುವ ಮಾತು, ಈಗ ಹೊರಡಲೊಲ್ಲದು. ಮೂರು ಸಲ ಬಾಯಿ ತೆರೆದು ಮುಚ್ಚಿದ. ಕಡೆಗೆ ತೊದಲಿದ.

"ಯಾವಾಗ ತಿಂತೀಯ?"

ಅಂಗಡಿಯಕ್ಕ ಅವಸರ ಮಾಡಲಿಲ್ಲ. ಗಿರಾಕಿಗಳು ಯೋಚಿಸುವಂತೆಯೇ ಸೂರು ನೋಡಿ ಯೋಚಿಸಿದಳು.

"ನಾಳಿದ್ದು. ಸಂಜೆ ನಾಲ್ಕಕ್ಕೆ." ಮ್ಯಾನೇಜರಿನ ಕಡೆ ತಿರುಗಿದಳು. "ಸಹಿ ನಾಳಿದ್ದು ನಾಲ್ಕೂವರೆಗೆ."

"ಹಣ್ಣಿಗೂ ಸಹಿಗೂ ಏನು ಸಂಬಂಧ ಮೇಡಂ?"

"ಸುಮ್ಮನಿರಪ್ಪ" ಎಂದರು ಟೀಚರಮ್ಮ, "ನಿನಗಿನ್ನೂ ಮದುವೆ ಆಗಿಲ್ಲ." ಮತ್ತೆ ಯಾವಾಗಪ್ಪನ ಟವಲಿನ ಕಡೆ ಬೆರಳು ತೋರಿಸಿ, "ಅದನ್ನ ನಾನು ತಿಂತೀನಿ. ಈಗ" ಎಂದರು. ಈಗ ತಿನ್ನುವವರಿಗೆ ಇವತ್ತಿನ ಹಣ್ಣು ಎಂಬ ಅವನದೇ ನಿಯಮದ ಪ್ರಕಾರ ಅದು ಅವರದೇ ಆಗಿತ್ತು. ಕೊಟ್ಟ.

ಎರಡು ದಿನದಲ್ಲಿ ಹಣ್ಣಾಗಬೇಕಾದ ಸೀತಾಫಲವನ್ನು ಆರಿಸುವುದು ಅವನಿಗೆ ಎಡಗೈ ಕೆಲಸ. ಆದರೆ ಈ ಸಲ ಎಡಗೈ ಆರಿಸಿದ್ದನ್ನು ಬಲಗೈ ಬೇಡವೆಂದು ತೆಗೆದಿಡುತ್ತಿತ್ತು. ಭಾನುವಾರ ಮೋಡ ಕವಿದು ತಣ್ಣಗಾಯಿತು. ಹಣ್ಣು ಹಟ ಹಿಡಿದು ಕಲ್ಲಾಗಿ ಕೂತಿತು. ಅಕ್ಕಿಯಿಂದ ತೆಗೆದು ರಾಗಿಗೆ ಹಾಕಿದ, ರಾಗಿಯಿಂದ ತೆಗೆದು ಕಂಬಳಿಗೆ. ಕತ್ತರಿ ಕೂದಲು ಒಣಗಿಸುವ ಯಂತ್ರ ತಂದು ನಿಂತ. "ಐದು ನಿಮಿಷ ಬಿಸಿಗಾಳಿ ಕೊಟ್ರೆ ಸಾಕು" ಎಂದ. ಯಾವಾಗಪ್ಪ ಅವನನ್ನು ಯಂತ್ರ ಸಮೇತ ಹೊರಗೆ ನೂಕಿದ. ಸೋಮವಾರ ಮೂರು ಗಂಟೆಗೆ ಹೆಬ್ಬೆರಳಿಗೆ ಕೊಂಚ ಮೆತ್ತಗೆ ತಾಗಿತು. ಕೊಂಚವೇ. ಆ ಕೊಂಚದ ಮೇಲೆ ತನ್ನ ಸಂಸಾರ ನಿಂತಿದೆ ಎಂದು ಅವನಿಗೆ ಅಳು ಬಂತು. ಕೈ ಸುಮ್ಮನಿರದೆ ಸ್ಟೂಲನ್ನು ಒರೆಸಿದ, ಮತ್ತೆ ಒರೆಸಿದ.

ನಾಲ್ಕಕ್ಕೆ ಅವಳು ಬಂದಳು. ಸ್ಟೂಲಿನ ಮೇಲೆ ಕೂರು ಎಂದು ಅವನು ಕೈ ತೋರಿಸಿದ. ಕೂತಳು. ಹಣ್ಣನ್ನು ಎರಡು ಕೈಯಲ್ಲಿ ಹಿಡಿದು ತಾನೇ ಬಿಡಿಸಿದಳು. ಚಾಕು ಇಲ್ಲ, ಹೆರೆಯುವುದಿಲ್ಲ. ಒಂದೊಂದೇ ಎಸಳು ಬಾಯಿಗೆ ಹಾಕಿಕೊಂಡು, ಬೀಜವನ್ನು ಅಂಗೈಗೆ ಉಗುಳುತ್ತ, ಯಾರ ಹಂಗೂ ಇಲ್ಲದೆ ತಿಂದಳು. ಮಧ್ಯೆ ಯಾರೋ ಬಂದು ಬಾಳೆಹಣ್ಣು ಕೇಳಿದರು.

"ಅಂಗಡಿ ಮುಚ್ಚಿದೆ" ಎಂದ ಯಾವಾಗಪ್ಪ.

"ಬಾಗಿಲು ತೆಗೆದಿದೆಯಲ್ಲ?"

"ಬಾಗಿಲು ತೆಗೆದಿದೆ. ಅಂಗಡಿ ಮುಚ್ಚಿದೆ."

ಕೊನೆಯ ಎಸಳೂ ಮುಗಿಯಿತು. ಅವಳು ತುಟಿ ಒರೆಸಿಕೊಂಡಳು. ಯಾವಾಗಪ್ಪ ಉಸಿರು ಬಿಗಿಹಿಡಿದು ನಿಂತಿದ್ದ.

"ಇನ್ನೊಂದು ಗಂಟೆ ಬಿಡಬೇಕಿತ್ತು" ಎಂದಳು.

"ಗೊತ್ತು" ಎಂದ ಅವನು. "ಮೋಡ."

"ಮೋಡ ಇದ್ದಾಗ ಗೋಧಿಯೊಳಗಿಡಬೇಕು. ರಾಗಿಯೊಳಗಲ್ಲ. ಅಪ್ಪ ನನಗೆ ಹೇಳಿಕೊಟ್ಟಿದ್ರು. ನಿಮಗೆ ಹೇಳಲಿಲ್ಲವಾ?"

"ಇಲ್ಲ."

"ಹ್ಞೂಂ" ಎಂದಳು. ಆ ಹ್ಞೂಂನಲ್ಲಿ ಇಪ್ಪತ್ತಾರು ವರ್ಷದ್ದೆಲ್ಲ ಇತ್ತು, ಆದರೂ ಅದರ ತುದಿಯಲ್ಲಿ ಸಣ್ಣ ನಗುವಿತ್ತು.

ನಾಲ್ಕೂವರೆಗೆ ಮ್ಯಾನೇಜರು ಕಾಗದ ಪೆನ್ನು ಹಿಡಿದು ರಸ್ತೆ ದಾಟಿ ಬಂದ. ಅಂಗಡಿಯಕ್ಕ ಕಾಗದವನ್ನು ತೆಗೆದುಕೊಂಡು ಪೂರ್ತಿ ಓದಿದಳು. ಆಮೇಲೆ ಸಿಪ್ಪೆ, ಬೀಜಗಳನ್ನೆಲ್ಲ ಅದರೊಳಗೆ ಹಾಕಿ, ಬೇಳೆ ಪೊಟ್ಟಣ ಕಟ್ಟುವ ಹಾಗೆ ನಾಲ್ಕು ಮಡಿಕೆ ಮಡಿಸಿ ಅವನ ಕೈಗಿಟ್ಟಳು.

"ಗೊಬ್ಬರಕ್ಕೆ ಹಾಕಿ ಮ್ಯಾನೇಜರೇ. ಸಾವಯವ. ಸೀತಾಫಲ ಫ್ರಿಜ್ಜಲ್ಲಿ ಇಡಬೇಡಿ, ಸೇಬಿನ ರಾಶೀಲಿ ಪೆಟ್ಟಾದದ್ದು ಇದ್ರೆ ದಿನಾ ತೆಗೀರಿ. ಮೊನ್ನೆ ಮಫ್ಲರ್ ಸುತ್ಕೊಂಡಿದ್ದ ಒಬ್ಬ ಗಿರಾಕಿ ಬಂದು ತೆಗೆದುಕೊಟ್ಟು ಹೋದ."

ಯಾವಾಗಪ್ಪ ಮೆಣಸಿನಕಾಯಿ ಮೂಟೆಯ ಕಡೆ ನೋಡುತ್ತ ನಿಂತ. ಮ್ಯಾನೇಜರು ಹೋದ ಮೇಲೂ ಅವಳು ಸ್ಟೂಲಿನಿಂದ ಏಳಲಿಲ್ಲ. ಆಗಲೇ ನಾಳೆಯ ತಟ್ಟೆಯಿಂದ ಎರಡು ಹಣ್ಣನ್ನು ಇವತ್ತಿನದಕ್ಕೆ ವರ್ಗ ಮಾಡುತ್ತಿದ್ದಳು.

"ನಾನು ಎಲ್ಲಿ ಕೂರಲಿ?" ಅವನು ಕೇಳಿದ.

ಅವಳು ಗದ್ದದಿಂದ ಬಲಗಡೆ ತೋರಿಸಿದಳು. ಅವನು ಹೋದ. ಬೇಳೆಯಲ್ಲಿ ನೆಟ್ಟಿದ್ದ ಸೇರನ್ನು ಕಿತ್ತು ಕೈಯಲ್ಲಿ ಹಿಡಿದು, ಮೊದಲ ದಿನ ಶಾಲೆಗೆ ಬಂದವನ ಹಾಗೆ ಮೂಟೆಗಳ ನಡುವೆ ನಿಂತ. ಬೆಳಗಿನಿಂದ ಏನೂ ತಿಂದಿಲ್ಲ ಎಂಬುದು ಆಗ ನೆನಪಾಯಿತು. ಇವತ್ತಿನ ತಟ್ಟೆಯಲ್ಲಿ ಒಂದು ಸೀತಾಫಲ ಕಣ್ಣು ಬಿಡಿಸಿಕೊಂಡು ಕೂತಿತ್ತು.

"ಅದನ್ನ ನಾನು ತಗೊಳ್ಳಲಾ?" ಎಂದ ಮೆಲ್ಲಗೆ.

ಅಂಗಡಿಯಕ್ಕ ತಲೆ ವಾಲಿಸಿ ಅವನನ್ನು ನೋಡಿದಳು. "ಯಾವಾಗ ತಿಂತೀರಿ?"

"ಈಗ."

"ಇದು ಬೇಡ, ಟೀಚರಮ್ಮ ಬರ್ತಾರೆ" ಎಂದು ಅವಳು ಕಾಲಿನಿಂದ ಮನೆಬುಟ್ಟಿಯನ್ನು ಅವನ ಕಡೆ ತಳ್ಳಿದಳು. "ಒಡೆದಿರೋದೊಂದು ಇದೆ ನೋಡಿ. ಅದೇ ರುಚಿ ಜಾಸ್ತಿ."